ಇನ್ನೊಬ್ಬರ ಕೂಟದಲ್ಲಿ ಅರ್ಥ ಹೇಳುವುದು

ಹೊಸದಾಗಿ ಹುಟ್ಟಿದ ಉದ್ಯಮಕ್ಕೆ ಬಂಡವಾಳದ ಕೊರತೆಯಷ್ಟೇ, ಎಷ್ಟೋ ಸಲ ಅದಕ್ಕಿಂತ ಹೆಚ್ಚಾಗಿ, ಕಾಡುವುದು ಪರಿಚಯದ ಕೊರತೆ. ಸರಕು ಒಳ್ಳೆಯದಿದ್ದು ಬೆಲೆಯೂ ಹಿತವಾಗಿದ್ದರೂ, ಅಂಥದೊಂದು ಸರಕು ಇದೆ ಎಂಬುದೇ ಕೊಳ್ಳಬೇಕಾದವರಿಗೆ ಗೊತ್ತಿರುವುದಿಲ್ಲ. ಗೊತ್ತಾದರೂ ಅದನ್ನು ನಂಬುವುದಕ್ಕೆ ಅವರ ಬಳಿ ಕಾರಣವಿರುವುದಿಲ್ಲ. 2016ರ ಜನವರಿ 16ರಂದು ಕೇಂದ್ರ ಸರ್ಕಾರ ‘ಸ್ಟಾರ್ಟಪ್ ಇಂಡಿಯಾ’ ಯೋಜನೆಯನ್ನು ಆರಂಭಿಸಿದ ಮೇಲೆ ನವೋದ್ಯಮ ಎಂಬ ಮಾತು ತಾಲ್ಲೂಕು ಕೇಂದ್ರಗಳವರೆಗೂ ಬಂದಿದೆ. ನೋಂದಣಿ, ತೆರಿಗೆ ರಿಯಾಯಿತಿ, ಸಾಲ ಇವುಗಳ ಬಗ್ಗೆ ತಿಳಿಸಿ ಹೇಳುವ ಕಚೇರಿಗಳೂ ಸಲಹೆಗಾರರೂ ಇದ್ದಾರೆ. ಆದರೆ ಊರಿನ ಹೊರಗೆ ಯಾರೂ ಅರಿಯದ ಹೆಸರೊಂದು ಹತ್ತು ಜನರ ಬಾಯಿಗೆ ಬರುವುದು ಹೇಗೆ ಎಂಬ ಪ್ರಶ್ನೆಗೆ ಸಿಗುವ ಉತ್ತರ ಬಹುತೇಕ ಒಂದೇ, ಜಾಹೀರಾತು ಕೊಡಿ ಎಂಬುದು.

ಈ ಉತ್ತರ ಪೂರ್ತಿ ತಪ್ಪಲ್ಲ, ಆದರೆ ಸಣ್ಣ ಊರಿನ ಸಣ್ಣ ಉದ್ಯಮದ ಮಟ್ಟಿಗೆ ಅದು ಬಹಳ ಅಪೂರ್ಣವಾದುದು. ಜಾಹೀರಾತು ಎಂದರೆ ತನ್ನದೇ ವೇದಿಕೆಯ ಮೇಲೆ ನಿಂತು ತನ್ನನ್ನು ತಾನೇ ಹೊಗಳಿಕೊಳ್ಳುವುದು. ಆ ವೇದಿಕೆಯನ್ನು ದಿನದ ಲೆಕ್ಕದಲ್ಲಿ ಬಾಡಿಗೆಗೆ ಹಿಡಿಯಬೇಕು, ಬಾಡಿಗೆ ಮುಗಿದ ದಿನ ದನಿಯೂ ನಿಂತುಹೋಗುತ್ತದೆ. ಇದಕ್ಕೆ ಬೇರೆಯಾದ ಇನ್ನೊಂದು ದಾರಿ, ಜನ ಈಗಾಗಲೇ ತಮ್ಮ ಕಾರಣಕ್ಕೆ ಕೂಡಿರುವ ಜಾಗಕ್ಕೆ ಹೋಗಿ, ಅಲ್ಲಿ ನಡೆದಿರುವ ಮಾತಿಗೆ ಉಪಯುಕ್ತವಾದ ಮಾತೊಂದನ್ನು ಸೇರಿಸಿ, ಆ ಮಾತಿನ ಮೂಲಕ ಪರಿಚಿತವಾಗುವುದು. ಹೀಗೆ ಬೆಳೆದ ಪರಿಚಯ ನಿಧಾನವಾದರೂ ಅದರ ಬೇರು ಗಟ್ಟಿಯಾಗಿರುತ್ತದೆ. ಉತ್ತರ ಕನ್ನಡದ ಕರಾವಳಿಗೆ, ಅದರಲ್ಲೂ ಹೊನ್ನಾವರ ತಾಲ್ಲೂಕಿನ ಕರ್ಕಿಯಂಥ ಊರಿಗೆ, ಈ ದಾರಿಯ ನಿಯಮಗಳನ್ನು ಹೊರಗಿನಿಂದ ತರಿಸಿಕೊಳ್ಳಬೇಕಾದ ಅಗತ್ಯವಿಲ್ಲ. ಅವು ಅಲ್ಲಿನ ತಾಳಮದ್ದಲೆಯಲ್ಲೇ ಇವೆ.

ಕರ್ಕಿ ಯಕ್ಷಗಾನದ ಬಡಾಬಡಗು ಪರಂಪರೆಯ ಊರು. ಅಲ್ಲಿನ ಹಾಸ್ಯಗಾರ ಮನೆತನ ತಲೆಮಾರುಗಳ ಕಾಲ ಮೇಳ ಕಟ್ಟಿ ನಡೆಸಿದ್ದರಿಂದಲೇ ಆ ಊರಿನ ಹೆಸರು ಕಲೆಯ ಚರಿತ್ರೆಯಲ್ಲಿ ಉಳಿದಿದೆ. ವೇಷವಿಲ್ಲದೆ, ಕುಣಿತವಿಲ್ಲದೆ, ಭಾಗವತರ ಪದ್ಯ ಮತ್ತು ಅರ್ಥಧಾರಿಗಳ ಮಾತು ಇವೆರಡರ ಮೇಲೇ ನಿಂತ ಯಕ್ಷಗಾನದ ರೂಪ ತಾಳಮದ್ದಲೆ. ಮಳೆಗಾಲದ ರಾತ್ರಿ ಯಾರದೋ ಮನೆಯ ಜಗಲಿಯಲ್ಲೋ ದೇವಸ್ಥಾನದ ಚಂದ್ರಶಾಲೆಯಲ್ಲೋ ಕೂಟ ಸೇರುತ್ತದೆ. ಭಾಗವತರು ಪ್ರಸಂಗದ ಒಂದು ಪದ್ಯ ಹಾಡಿ ನಿಲ್ಲಿಸುತ್ತಾರೆ. ಆ ಪಾತ್ರ ವಹಿಸಿದ ಅರ್ಥಧಾರಿ ಅದರ ಭಾವವನ್ನು ತನ್ನದೇ ಗದ್ಯದಲ್ಲಿ, ಆಗಿಂದಾಗಲೇ ಕಟ್ಟಿ ಹೇಳುತ್ತಾನೆ. ಎದುರಿನವನು ಆ ಮಾತಿನ ತುದಿಯನ್ನೇ ಹಿಡಿದು ತನ್ನ ಪಕ್ಷವನ್ನು ಮಂಡಿಸುತ್ತಾನೆ. ಪಾತ್ರ ಮೊದಲ ಸಲ ಬಾಯಿ ತೆರೆಯುವಾಗ ತನ್ನ ಪೂರ್ವಾಪರ ಹೇಳಿಕೊಳ್ಳುವ ಭಾಗಕ್ಕೆ ಪೀಠಿಕೆ ಎಂದೂ, ಆಮೇಲಿನ ಮಾತುಕತೆಗೆ ಸಂವಾದವೆಂದೂ ಹೆಸರು.

ಹೊಸ ಅರ್ಥಧಾರಿಯೊಬ್ಬ ಇಂಥ ಕೂಟದಲ್ಲಿ ಹೆಸರು ಗಳಿಸುವ ಕ್ರಮವನ್ನು ಹತ್ತಿರದಿಂದ ನೋಡಬೇಕು. ಅವನಿಗೆ ಮೊದಲು ಸಿಗುವುದು ದೂತನೋ ಸಾರಥಿಯೋ ಮಂತ್ರಿಯೋ ಆಗಿರುವ ಸಣ್ಣ ಪಾತ್ರ. ಸಿಕ್ಕ ನಾಲ್ಕು ಪದ್ಯಗಳಲ್ಲೇ ತನಗೆ ತಿಳಿದಿರುವುದನ್ನೆಲ್ಲ ಸುರಿಯಲು ಹೋದವನು, ಎದುರಿನವನ ಪ್ರಶ್ನೆ ಏನಿತ್ತೆಂದು ಕೇಳಿಸಿಕೊಳ್ಳದೆ ಮನೆಯಲ್ಲಿ ಬಾಯಿಪಾಠ ಮಾಡಿಕೊಂಡು ಬಂದದ್ದನ್ನೇ ಒಪ್ಪಿಸಿದವನು, ಅಲ್ಲಿಗೇ ಬೀಳುತ್ತಾನೆ. ಕೂತವರು ಎದ್ದು ಕವಳ ಹಾಕಲು ಹೊರಗೆ ಹೋಗುತ್ತಾರೆ. ಹಿಂದಿನವರು ಹೇಳಿದ್ದನ್ನು ಗಮನವಿಟ್ಟು ಕೇಳಿ, ಅದರಲ್ಲಿ ಬಿಟ್ಟುಹೋದ ಒಂದು ಎಳೆಯನ್ನು ಎತ್ತಿ, ಪ್ರಸಂಗದ ನಡೆ ಕೆಡದಂತೆ ಎರಡೇ ಮಾತು ಹೆಚ್ಚು ಹೇಳಿದವನನ್ನು ಮಾತ್ರ, ಕೂಟ ಮುಗಿದ ಮೇಲೆ ಯಾರೋ ಒಬ್ಬರು ಹತ್ತಿರ ಬಂದು, ತಮ್ಮಾ, ನಿಂದು ಯಾವೂರು ಎಂದು ಕೇಳುತ್ತಾರೆ. ಆ ಪ್ರಶ್ನೆ ಅವನ ಮುಂದಿನ ಕೂಟಕ್ಕೆ ಆಮಂತ್ರಣ. ಗಮನಿಸಬೇಕಾದ ಸಂಗತಿಯೆಂದರೆ, ಅವನು ಊರು ಹೇಳಿಕೊಂಡದ್ದು ಕೇಳಿದ ಮೇಲೆ. ಪಾತ್ರದ ಪೀಠಿಕೆ ಚಿಕ್ಕದಿತ್ತು, ಸಂವಾದ ಗಟ್ಟಿಯಿತ್ತು, ಅವನ ಸ್ವಂತದ ಪೀಠಿಕೆಯೋ ಕಡೆಗೆ ಬಂತು. ಈಗಿನ ಪ್ರಚಾರ ಸಾಹಿತ್ಯದ ಬಹುಪಾಲು ಬರೀ ಪೀಠಿಕೆಯೇ ಆಗಿದ್ದು ಅದರಲ್ಲಿ ಸಂವಾದವೇ ಇಲ್ಲದಿರುವುದು ಅದರ ಮೂಲದೋಷ.

ಉದ್ಯಮಕ್ಕೆ ಈ ಕ್ರಮ ಹೊಂದುವ ಬಗೆಯನ್ನು ಕಲ್ಪಿತ ಉದಾಹರಣೆಯೊಂದರಿಂದ ತಿಳಿಯಬಹುದು. ಕರ್ಕಿಯಲ್ಲಿ ಒಬ್ಬರು ಮುರುಗಲು ಸಿಪ್ಪೆ, ಮುರುಗಲು ಶರಬತ್ತು ಮಾಡಿ ಮಾರಲು ಹೊರಟಿದ್ದಾರೆ ಎಂದುಕೊಳ್ಳೋಣ. ಹುಬ್ಬಳ್ಳಿಯಲ್ಲೋ ದಾವಣಗೆರೆಯಲ್ಲೋ ಅಡುಗೆ, ಆರೋಗ್ಯ, ತೋಟಗಾರಿಕೆ ಇವುಗಳ ಮೇಲೆ ಮಾತಾಡುವ ಗುಂಪೊಂದರಲ್ಲಿ, ತಂದಿಟ್ಟ ಶರಬತ್ತಿನ ಕೆಂಪು ತಿಂಗಳಲ್ಲೇ ಮಾಸಿತೇಕೆ ಎಂದು ಒಬ್ಬರು ಕೇಳುತ್ತಾರೆ. ಆ ಬಣ್ಣ ಹಣ್ಣಿನ ಸಿಪ್ಪೆಯಲ್ಲಿ ಸಹಜವಾಗಿರುವ ವರ್ಣದ್ರವ್ಯದಿಂದ ಬಂದದ್ದು, ಬಿಸಿಗೂ ಬೆಳಕಿಗೂ ಅದು ಕೆಡುತ್ತದೆ, ಕಿಟಕಿಯ ಬಳಿಯ ಪಾರದರ್ಶಕ ಬಾಟಲಿಯಲ್ಲಿ ಇಟ್ಟರೆ ಬೇಗ ಮಾಸುತ್ತದೆ, ಕತ್ತಲಲ್ಲಿ ತಂಪಾಗಿ ಇಟ್ಟರೆ ಹೆಚ್ಚು ಕಾಲ ಉಳಿಯುತ್ತದೆ, ಬಣ್ಣ ಎಷ್ಟು ದಿನವಾದರೂ ಒಂದಿಷ್ಟೂ ಕದಲದಿದ್ದರೆ ಅದನ್ನೇ ಸಂಶಯದಿಂದ ನೋಡಬೇಕು ಎಂದು ಮಾಡುವವರೇ ವಿವರಿಸಿದರೆ, ಕೇಳಿದವರಿಗೆ ಉತ್ತರ ಸಿಕ್ಕಿತು, ಕೇಳದೆ ಓದಿದವರಿಗೂ ತಿಳಿವು ಬಂತು. ಸಿಪ್ಪೆಯನ್ನು ಅದರದೇ ರಸದಲ್ಲಿ ಮತ್ತೆ ಮತ್ತೆ ಅದ್ದಿ, ಉಪ್ಪು ಸೇರಿಸಿ, ಬಿಸಿಲಿಗೆ ಹಾಕಿ ತೆಗೆಯುವ ಕೆಲಸ ಮಾಡಿದವರಲ್ಲದೆ ಬೇರೆಯವರು ಇಷ್ಟು ನಿಖರವಾಗಿ ಹೇಳಲಾರರೆಂಬುದು ಮಾತಿನಿಂದಲೇ ಗೊತ್ತಾಗುತ್ತದೆ. ನಮ್ಮಲ್ಲಿ ಶುದ್ಧ ಮುರುಗಲು ಶರಬತ್ತು ಸಿಗುತ್ತದೆ, ಸಂಪರ್ಕಿಸಿ ಎಂಬ ಸಾಲನ್ನು ಅದೇ ಗುಂಪಿನಲ್ಲಿ ನೂರು ಸಲ ಹಾಕಿದರೂ ಈ ನಂಬಿಕೆ ಹುಟ್ಟುವುದಿಲ್ಲ, ಯಾಕೆಂದರೆ ಆ ಸಾಲನ್ನು ಏನೂ ಗೊತ್ತಿಲ್ಲದವರೂ ಬರೆಯಬಹುದು.

ಹೀಗೆ ಹುಟ್ಟಿದ ನಂಬಿಕೆಯನ್ನು ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸುವುದು ಕೊಂಡಿ; ಆ ಪದದ ಅರ್ಥವನ್ನು ಸ್ವಲ್ಪ ಬಿಡಿಸಿ ನೋಡುವುದು ಅಗತ್ಯ. ಅಂತರ್ಜಾಲದಲ್ಲಿ ಒಂದು ಪುಟದಿಂದ ಇನ್ನೊಂದಕ್ಕೆ ದಾರಿ ತೋರಿಸುವ ಗುರುತಿಗೆ ಕೊಂಡಿ ಎನ್ನುತ್ತಾರೆ. 1998ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ ಗೂಗಲ್ ಅನ್ನು ಕಟ್ಟಿದಾಗ ಅದರ ಅಡಿಪಾಯವಾಗಿದ್ದುದು ಪೇಜ್‌ರ‍್ಯಾಂಕ್ ಎಂಬ ಎಣಿಕೆಯ ಕ್ರಮ: ಒಂದು ಪುಟದ ಬೆಲೆಯನ್ನು ಅದು ತನ್ನ ಬಗ್ಗೆ ಹೇಳಿಕೊಳ್ಳುವುದರಿಂದ ಅಳೆಯದೆ, ಬೇರೆ ಎಷ್ಟು ಪುಟಗಳು, ಅದರಲ್ಲೂ ಎಷ್ಟು ಬೆಲೆಯುಳ್ಳ ಪುಟಗಳು, ಅದರ ಕಡೆಗೆ ಬೆರಳು ತೋರಿಸಿವೆ ಎಂಬುದರಿಂದ ಅಳೆಯುವುದು. ವಿದ್ವಾಂಸರ ಪ್ರಬಂಧಗಳಲ್ಲಿ ಒಬ್ಬರು ಇನ್ನೊಬ್ಬರನ್ನು ಉಲ್ಲೇಖಿಸುವ ಪದ್ಧತಿಯೇ ಇದರ ಹಿಂದಿನ ಪ್ರೇರಣೆ. ಈ ಗುಟ್ಟು ಹೊರಗೆ ತಿಳಿದದ್ದೇ ತಡ, ಬೆರಳು ತೋರಿಸುವವರಿಗಾಗಿ ಕಾಯುವ ತಾಳ್ಮೆಯಿಲ್ಲದವರು ಬೇರೆಯವರ ಪುಟಗಳಿಗೆ ನುಗ್ಗಿ ತಮ್ಮ ವಿಳಾಸವನ್ನು ತಾವೇ ಅಂಟಿಸಿ ಬರತೊಡಗಿದರು. ಆ ಹಾವಳಿ ತಾಳಲಾರದೆ 2005ರ ಜನವರಿಯಲ್ಲಿ ಗೂಗಲ್, ಹೊರಗಿನವರು ಹಾಕಿಹೋದ ಕೊಂಡಿಯನ್ನು ಲೆಕ್ಕಕ್ಕೆ ಹಿಡಿಯಬೇಡ ಎಂದು ಹೇಳುವ ‘ನೋಫಾಲೋ’ ಎಂಬ ಗುರುತನ್ನು ಜಾರಿಗೆ ತಂದಿತು. ತಾನೇ ಕಟ್ಟಿಕೊಂಡ ಕೊಂಡಿಯನ್ನು ಕೊಂಡಿಯೆಂದು ಲೆಕ್ಕಕ್ಕೆ ಹಿಡಿಯಲಾಗದು ಎಂಬ ತತ್ತ್ವವನ್ನು ಯಂತ್ರ ಏಳೆಂಟು ವರ್ಷಗಳಲ್ಲಿ ಕಲಿಯಿತು. ತಾಳಮದ್ದಲೆಯ ಸಭಿಕರಿಗೆ ಅದು ಮೊದಲಿಂದಲೂ ತಿಳಿದಿತ್ತು.

ಪರಿಚಯ ಮೊದಲು ನಮ್ಮವರಲ್ಲಿ ಬೆಳೆಯಲಿ, ಆಮೇಲೆ ಹೊರಗೆ ಹೋಗೋಣ ಎಂಬ ಸಲಹೆಯೂ ಊರುಗಳಲ್ಲಿ ಸಾಮಾನ್ಯ. ನೆಂಟರು, ಸಮಾಜದವರು, ಶಾಲೆಯ ಗೆಳೆಯರು ಮೊದಲ ಹತ್ತು ಬಾಟಲಿ ಕೊಳ್ಳುತ್ತಾರೆ, ಅದು ನಿಜ. ಆದರೆ ಅವರೆಲ್ಲರೂ ಒಬ್ಬರನ್ನೊಬ್ಬರು ಬಲ್ಲವರಾದ್ದರಿಂದ ಸುದ್ದಿ ಅದೇ ಸುತ್ತಿನಲ್ಲಿ ತಿರುಗಿ ಅಲ್ಲೇ ನಿಲ್ಲುತ್ತದೆ. 1973ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ತೋರಿಸಿದ್ದು ಇದನ್ನೇ: ಕೆಲಸ ಬದಲಿಸಿದ ಜನರಿಗೆ ಹೊಸ ಕೆಲಸದ ಸುದ್ದಿ ಮುಟ್ಟಿದ್ದು ಹೆಚ್ಚಾಗಿ ಆಪ್ತರಿಂದಲ್ಲ, ಅಪರೂಪಕ್ಕೆ ಭೇಟಿಯಾಗುವ ದೂರದ ಪರಿಚಿತರಿಂದ, ಯಾಕೆಂದರೆ ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ಸಡಿಲವಾದ ನಂಟಿಗೇ ಬೇರೆ ಲೋಕಕ್ಕೆ ಸೇತುವೆಯಾಗುವ ಶಕ್ತಿ ಇದೆ. ಹಾಗಾಗಿ ಕರ್ಕಿಯ ಉದ್ಯಮ ತನ್ನ ಕೇರಿಯ ವಾಟ್ಸಾಪ್ ಗುಂಪಿನಲ್ಲಿ ದಿನಾ ಫೋಟೊ ಹಾಕುವುದಕ್ಕಿಂತ, ತನ್ನವರು ಯಾರೂ ಇಲ್ಲದ ಕೂಟದಲ್ಲಿ ತಿಂಗಳಿಗೆ ಎರಡು ಸಲ ಹುರುಳುಳ್ಳ ಮಾತಾಡುವುದರಲ್ಲಿ ಹೆಚ್ಚು ಪ್ರಯೋಜನವಿದೆ.

ಇದು ಬರೀ ತರ್ಕವಲ್ಲ ಎಂಬುದಕ್ಕೆ ಉತ್ತರ ಕನ್ನಡ ಜಿಲ್ಲೆಯೊಳಗೇ ನಡೆದ ನಿದರ್ಶನವಿದೆ. 2021ರ ಕೊರೊನಾ ಎರಡನೇ ಅಲೆಯ ದಿನಗಳಲ್ಲಿ ಬಾಳೆಕಾಯಿಯ ಬೆಲೆ ಕುಸಿದು ಗೊನೆಗಳು ತೋಟದಲ್ಲೇ ಹಣ್ಣಾಗಿ ಹಾಳಾಗತೊಡಗಿದಾಗ, ಬಾಳೆಕಾಯಿಯನ್ನು ಹೆಚ್ಚಿ ಒಣಗಿಸಿ ಹುಡಿ ಮಾಡಿ ಇಡುವ ಪ್ರಯತ್ನ ಮನೆಮನೆಗಳಲ್ಲಿ ಶುರುವಾಯಿತು. ಇದಕ್ಕೆ ಬೆಂಬಲವಾಗಿ ನಿಂತದ್ದು, ಪುತ್ತೂರಿನಿಂದ 1988ರಿಂದ ಪ್ರಕಟವಾಗುತ್ತಿರುವ, ಕೃಷಿಕರೇ ಬರೆಯಬೇಕೆಂಬ ನಿಲುವಿನ ‘ಅಡಿಕೆ ಪತ್ರಿಕೆ’ ಮತ್ತು ಅದರ ಸಂಪಾದಕ ಶ್ರೀ ಪಡ್ರೆ. ಬಾಳೆಕಾಯಿ ಹುಡಿ ಎಂಬುದರ ಮೊದಲಕ್ಷರಗಳಿಂದ ‘ಬಾಕಾಹು’ ಎಂಬ ಹೆಸರು ಹುಟ್ಟಿತು. ಆ ಆಂದೋಲನದ ನಡೆ ಗಮನಾರ್ಹವಾದುದು: ಹುಡಿ ಕೊಳ್ಳಿ ಎಂದು ಯಾರೂ ಕೂಗಲಿಲ್ಲ, ಹುಡಿಯಿಂದ ದೋಸೆ ಹುಯ್ದವರು, ಗುಲಾಬ್ ಜಾಮೂನು ಕರಿದವರು, ತಾವು ಮಾಡಿದ್ದರ ಚಿತ್ರವನ್ನೂ ಅಳತೆಯನ್ನೂ ಗುಂಪುಗಳಲ್ಲಿ ಹಂಚಿಕೊಂಡರು, ಕಾಯಿ ಎಷ್ಟು ಬೆಳೆದಿರಬೇಕು, ಬಣ್ಣ ಕಪ್ಪಾಗದಂತೆ ಏನು ಮಾಡಬೇಕು, ಮಳೆಗಾಲದಲ್ಲಿ ಒಣಗಿಸುವುದು ಹೇಗೆ ಎಂಬಂಥ ಪ್ರಶ್ನೆಗಳಿಗೆ ಮಾಡಿ ನೋಡಿದವರ ಅನುಭವವೇ ಉತ್ತರವಾಯಿತು. 2021ರ ಜುಲೈ ತಿಂಗಳ ‘ಮನ್ ಕಿ ಬಾತ್’ ಪ್ರಸಾರದಲ್ಲಿ ಪ್ರಧಾನಿಯವರು ಉತ್ತರ ಕನ್ನಡ ಮತ್ತು ದಕ್ಷಿಣ ಕನ್ನಡದ ಮಹಿಳೆಯರ ಈ ಕೆಲಸವನ್ನು, ಅವರು ಚಿತ್ರಗಳನ್ನು ಹಂಚಿಕೊಂಡದ್ದರಿಂದಲೇ ಬೇಡಿಕೆ ಹೆಚ್ಚಿತೆಂಬುದನ್ನೂ ಸೇರಿಸಿ, ಪ್ರಸ್ತಾಪಿಸಿದರು. ಮಾರುವ ಉದ್ದೇಶ ಮುಚ್ಚಿಟ್ಟದ್ದೇನೂ ಆಗಿರಲಿಲ್ಲ. ಆದರೆ ಅದು ಮಾತಿನ ಮುಂದಿನ ಸಾಲಿನಲ್ಲಿ ಇರಲಿಲ್ಲ.

ಇಷ್ಟಾಗಿಯೂ ಈ ದಾರಿಯಲ್ಲಿ ದೊಡ್ಡ ಅಪಾಯವೊಂದಿದೆ; ಅದರ ಬಗ್ಗೆ ಸಲಹೆಗಾರರು ಮಾತಾಡುವುದು ಕಡಿಮೆ. ಕೆಲಸ ಪರಿಚಿತವಾಗಿ ಹೆಸರು ಮಾತ್ರ ಹಿಂದೆ ಉಳಿದುಬಿಡಬಹುದು. ಇದಕ್ಕೆ ಕರ್ಕಿಗಿಂತ ತೀಕ್ಷ್ಣವಾದ ಸಾಕ್ಷಿ ಬೇರೆಲ್ಲೂ ಸಿಗಲಾರದು. 1842ರಲ್ಲಿ ಕರ್ನಾಟಕದ ಕಡೆಯಿಂದ ಹೋದ ಆಟದ ತಂಡವೊಂದು ಸಾಂಗ್ಲಿಯ ಸಂಸ್ಥಾನಿಕ ಚಿಂತಾಮಣರಾವ್ ಪಟವರ್ಧನರ ಮುಂದೆ ಪೌರಾಣಿಕ ಪ್ರಸಂಗಗಳನ್ನು ಆಡಿ ತೋರಿಸಿತು. ಅದನ್ನು ಮೆಚ್ಚಿದ ಅರಸರು, ಹೀಗೆಯೇ ಆದರೆ ಇನ್ನಷ್ಟು ತಿದ್ದಿ ಮರಾಠಿಯಲ್ಲಿ ಮಾಡಬೇಕೆಂದು ತಮ್ಮ ಆಶ್ರಯದಲ್ಲಿದ್ದ ವಿಷ್ಣುದಾಸ ಭಾವೆಯವರಿಗೆ ಹೇಳಿದರು. ಅದರ ಫಲವಾಗಿ 1843ರ ನವೆಂಬರ್ 5ರಂದು ‘ಸೀತಾ ಸ್ವಯಂವರ’ ಪ್ರದರ್ಶನಗೊಂಡಿತು, ಆ ದಿನವನ್ನು ಇಂದಿಗೂ ಮರಾಠಿ ರಂಗಭೂಮಿ ದಿನವೆಂದು ಆಚರಿಸಲಾಗುತ್ತದೆ. ಆ ತಂಡ ಕರ್ಕಿಯ ಮೇಳವೆಂದು ಕನ್ನಡದ ಯಕ್ಷಗಾನ ವಿದ್ವಾಂಸರು ಹೇಳುತ್ತ ಬಂದಿದ್ದಾರೆ. ಮರಾಠಿ ರಂಗಭೂಮಿಯ ಕಥನದಲ್ಲಾದರೋ ಅದು ಕರ್ನಾಟಕದ ಕಡೆಯ ಭಾಗವತ ಮಂಡಳಿ ಎಂಬಷ್ಟೇ ಆಗಿ ಉಳಿದಿದೆ. ಇನ್ನೊಬ್ಬರ ಆಸ್ಥಾನದಲ್ಲಿ ಆಡಿದ ಒಂದು ಆಟ ಒಂದು ಭಾಷೆಯ ಇಡೀ ರಂಗಭೂಮಿಗೆ ಚಾಲನೆ ಕೊಟ್ಟಿತು. ಆದರೂ ಆಡಿದವರು ಯಾವ ಊರಿನವರೆಂಬುದು ಆ ಭಾಷೆಯ ಪುಸ್ತಕದ ಸಾಲಿಗೆ ಸೇರಲಿಲ್ಲ. ಕೊಂಡಿ ಇತ್ತು, ಅದರ ತುದಿಯಲ್ಲಿ ವಿಳಾಸವಿರಲಿಲ್ಲ.

ಕರ್ಕಿಯಿಂದ ಕೆಲವೇ ಮೈಲಿ ಉತ್ತರಕ್ಕಿರುವ ಕುಮಟಾದಲ್ಲಿ ಇದಕ್ಕೆ ಸರಿಯಾಗಿ ತಿರುಗುಮುರುಗಾದದ್ದು ನಡೆಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ, ಹುಬ್ಬಳ್ಳಿ ಕಡೆಯ ಕರಿಮಣ್ಣಿನ ಹೊಲಗಳಲ್ಲಿ ಬೆಳೆದ ಹತ್ತಿ ಗಾಡಿಗಳಲ್ಲಿ ದೇವಿಮನೆ ಘಟ್ಟ ಇಳಿದು ಕುಮಟಾ ಬಂದರಿಗೆ ಬಂದು ಅಲ್ಲಿಂದ ಹಡಗೇರುತ್ತಿತ್ತು. 1861ರಿಂದ 1865ರವರೆಗೆ ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಬರದಾದಾಗ ಈ ಬಂದರಿನ ವ್ಯಾಪಾರಕ್ಕೆ ಬಿಡುವೇ ಇರಲಿಲ್ಲ. ಪರದೇಶದ ಪೇಟೆಯಲ್ಲಿ ಆ ಹತ್ತಿಗೆ ಬಂದ ಹೆಸರು ಕುಮಟಾ ಹತ್ತಿ. ಒಂದು ಎಳೆ ಹತ್ತಿಯನ್ನೂ ಬೆಳೆಯದ ಊರು ಹತ್ತಿಗೆ ಹೆಸರಾಯಿತು, ಬೆಳೆದ ಧಾರವಾಡದ ಹೊಲ ಆ ಹೆಸರಿನಲ್ಲಿ ಕಾಣಲಿಲ್ಲ. ಕರ್ಕಿ ಕಳೆದುಕೊಂಡದ್ದನ್ನು ಕುಮಟಾ ಗಳಿಸಿದ್ದಕ್ಕೆ ಕಾರಣ ಎರಡು ಕಡೆಯೂ ಒಂದೇ: ಹೆಸರು ಅಂಟಿಕೊಳ್ಳುವುದು ಸರಕು ಹುಟ್ಟಿದ ಜಾಗಕ್ಕಲ್ಲ, ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿದ ಜಾಗಕ್ಕೆ. ಆದ್ದರಿಂದ ನವೋದ್ಯಮ ತನ್ನ ಹೆಸರಿನ ಬಗ್ಗೆ ಎಚ್ಚರವಹಿಸಬೇಕಾದದ್ದು ತನ್ನ ಅಂಗಡಿಯ ಫಲಕದ ಮೇಲಲ್ಲ, ಆ ದಾಟುವ ಗಳಿಗೆಯಲ್ಲಿ.

ಅದೇ ಕುಮಟಾ ತಾಲ್ಲೂಕಿನ ಸಿಹಿ ಈರುಳ್ಳಿ ಈ ಎಚ್ಚರವನ್ನು ಯಾರೂ ಹೇಳಿಕೊಡದೆಯೇ ಪಾಲಿಸಿದೆ. ಅಳ್ವೆಕೋಡಿ, ಹಂದಿಗೋಣದಂಥ ಊರುಗಳ ಬಳಿ ಬೇಸಿಗೆಯಲ್ಲಿ ಹೆದ್ದಾರಿ 66ರ ಅಂಚಿಗೆ ಗಳು ಕಟ್ಟಿ, ಒಣಗಿದ ಎಲೆಗಳನ್ನೇ ಜಡೆಯಂತೆ ಹೆಣೆದ ಈರುಳ್ಳಿ ಗೊಂಚಲುಗಳನ್ನು ಸಾಲಾಗಿ ತೂಗುಹಾಕುತ್ತಾರೆ. ಆ ಹೆಣಿಗೆ ಬರೀ ಅಂದಕ್ಕಲ್ಲ. ಗೊಂಚಲನ್ನು ಕೊಂಡವರು ಚೀಲಕ್ಕೆ ಸುರಿಯದೆ ಹಾಗೇ ಒಯ್ದು ಅಡುಗೆಮನೆಯಲ್ಲಿ ಗಾಳಿಯಾಡುವಲ್ಲಿ ನೇತುಹಾಕುತ್ತಾರೆ, ಮಳೆಗಾಲಕ್ಕೂ ಕೆಡದಿರಲಿ ಎಂದು. ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಮನೆಗೆ ಬಂದವರು ಇದೇನು ಹೀಗೆ ತೂಗುಹಾಕಿದ್ದೀರಿ ಎಂದು ಕೇಳುತ್ತಾರೆ. ಉತ್ತರದಲ್ಲಿ ಊರಿನ ಹೆಸರು ತಾನಾಗಿ ಬರುತ್ತದೆ. ಸರಕಿನ ಆಕಾರವೇ ಪ್ರಶ್ನೆಯನ್ನು ಹುಟ್ಟಿಸುವಂತಿದ್ದರೆ, ಹೆಸರನ್ನು ಹೇಳುವ ಕೆಲಸ ಕೊಂಡವರದಾಗುತ್ತದೆ. ಹಣ ಕೊಟ್ಟು ಮಾಡಿಸಿದ ಎಷ್ಟೋ ಮುದ್ರೆ, ಲಾಂಛನಗಳಿಗೆ ಈ ಹೆಣಿಗೆಯ ಬುದ್ಧಿಯಿಲ್ಲ.

ಈ ದಾರಿಗೆ ಎದುರಾಗಿ ಹೇಳಬಹುದಾದ ಮಾತುಗಳಲ್ಲಿ ಒಂದು ಸುಲಭದ್ದು, ಇನ್ನೊಂದು ಕಠಿಣವಾದದ್ದು. ಸುಲಭದ್ದು ಸಮಯದ ಮಾತು: ಬ್ಯಾಂಕಿನ ಕಂತು ಪ್ರತಿ ತಿಂಗಳು ಬರುತ್ತದೆ, ಪರಿಚಯ ವರ್ಷಗಟ್ಟಲೆ ತೆಗೆದುಕೊಳ್ಳುತ್ತದೆ ಎಂಬುದು. ಇದಕ್ಕೆ ಉತ್ತರ, ಎರಡೂ ದಾರಿಗಳು ಒಟ್ಟಿಗೆ ನಡೆಯಬಲ್ಲವು. ಹಬ್ಬದ ಮುಂಚಿನ ಎರಡು ವಾರ ಜಾಹೀರಾತಿಗೆ ಹಣ ಹಾಕುವುದು ಯೋಗ್ಯವೇ ಇರಬಹುದು, ಆದರೆ ಆ ಜಾಹೀರಾತು ಕಂಡವರು ಈ ಹೆಸರನ್ನು ಎಲ್ಲೋ ಕೇಳಿದ್ದೇನಲ್ಲ ಎಂದುಕೊಳ್ಳುವಂತಿದ್ದರೆ ಮಾತ್ರ ಹಾಕಿದ ಹಣ ಹಿಂದೆ ಬರುತ್ತದೆ.

ಕಠಿಣವಾದದ್ದು ಬಾಗಿಲಿನ ಮಾತು. ಇನ್ನೊಬ್ಬರ ಕೂಟಕ್ಕೆ ಹೋಗಿ ಮಾತಾಡಿ ಎಂದು ಹೇಳುವಾಗ, ಆ ಕೂಟದ ಬಾಗಿಲು ಎಲ್ಲರಿಗೂ ತೆರೆದಿದೆ ಎಂದು ಭಾವಿಸಿಬಿಡುವುದು ತಪ್ಪಾಗುತ್ತದೆ. ತಾಳಮದ್ದಲೆಯ ಜಗಲಿಯ ಮೇಲೆ ಕೂತು ಅರ್ಥ ಹೇಳುವ ಅವಕಾಶ ಬಹುಕಾಲ ಗಂಡಸರದಾಗಿತ್ತು, ಅವರಲ್ಲೂ ಎಲ್ಲ ಜಾತಿಯವರದಾಗಿರಲಿಲ್ಲ. ಮಹಿಳೆಯರ ತಾಳಮದ್ದಲೆ ತಂಡಗಳು ಬಲಗೊಂಡದ್ದು ಈಚಿನ ದಶಕಗಳಲ್ಲಿ. ವರ್ತಕರ ಸಂಘ, ಸಹಕಾರಿ ಸಂಘದ ಸಭೆ, ಜಾತ್ರೆಯ ಸಮಿತಿ, ಇವುಗಳಲ್ಲೂ ಯಾರ ಮಾತಿಗೆ ಕಿವಿಗೊಡಲಾಗುತ್ತದೆ ಎಂಬುದು ಮಾತಿನ ಹುರುಳಿನಿಂದ ಮಾತ್ರ ತೀರ್ಮಾನವಾಗುವುದಿಲ್ಲ. ಒಳ್ಳೆಯ ಮಾತಿಗೆ ಬೆಲೆ ಇದ್ದೇ ಇದೆ ಎಂಬ ಭರವಸೆಯನ್ನು ಹಾಲಕ್ಕಿ ಸಮುದಾಯದ ಹೆಂಗಸೊಬ್ಬಳ ಮುಂದೆ, ಹೊನ್ನಾವರ ಬಳಿಯ ಕಾಸರಕೋಡಿನ ಮೀನುಗಾರ ಕುಟುಂಬದ ಮಗಳ ಮುಂದೆ ಹಾಗೇ ಇಡಲು ಸಾಧ್ಯವಿಲ್ಲ. ಅವರ ತಿಳಿವಿಗೆ ಕೊರತೆಯಿಲ್ಲ, ಪದ್ಯ ಎತ್ತಿಕೊಡುವ ಭಾಗವತರಿಲ್ಲ.

ಬಾಕಾಹು ಮತ್ತೆ ಮುಖ್ಯವಾಗುವುದು ಈ ಜಾಗದಲ್ಲಿ. ಜಗಲಿಯ ಮೇಲೆ ಸ್ಥಾನ ಸಿಗದ ಹೆಂಗಸರಿಗೆ ಫೋನಿನ ಪರದೆ ಇನ್ನೊಂದು ಜಗಲಿಯಾಯಿತು, ಮತ್ತು ಪತ್ರಿಕೆಯೊಂದು ಭಾಗವತಿಕೆ ವಹಿಸಿ ಒಬ್ಬೊಬ್ಬರಿಗೂ ಪದ್ಯ ಎತ್ತಿಕೊಟ್ಟಿತು. ಎರಡರಲ್ಲಿ ಒಂದೇ ಇದ್ದಿದ್ದರೆ ಕೆಲಸ ಅಷ್ಟು ದೂರ ಹೋಗುತ್ತಿರಲಿಲ್ಲ. ಪರದೆ ಮಾತ್ರವಿದ್ದರೆ ಚಿತ್ರಗಳು ಗುಂಪಿನಲ್ಲೇ ಮುಳುಗುತ್ತಿದ್ದವು, ಪತ್ರಿಕೆ ಮಾತ್ರವಿದ್ದರೆ ಬರೆಯುವ ಅಭ್ಯಾಸವಿದ್ದವರಷ್ಟೇ ಕಾಣಿಸುತ್ತಿದ್ದರು. ಹಾಗಾಗಿ ಕರಾವಳಿಯ ನವೋದ್ಯಮಗಳಿಗೆ ಸಹಾಯ ಮಾಡಬೇಕೆನ್ನುವ ಸಂಘಸಂಸ್ಥೆಗಳು ಪ್ರಚಾರ ಕಾರ್ಯಾಗಾರಗಳ ಮೇಲೆ ಮಾಡುವ ಖರ್ಚಿನ ಒಂದು ಪಾಲನ್ನು ಇಂಥ ಭಾಗವತಿಕೆಗೆ ಇಡಬೇಕು: ಎಲ್ಲೆಲ್ಲಿ ಯಾವ ಪ್ರಶ್ನೆ ಎದ್ದಿದೆ ಎಂದು ನೋಡಿ, ಅದಕ್ಕೆ ಉತ್ತರ ಬಲ್ಲ ಕೈಗಳನ್ನು ಗುರುತಿಸಿ, ಅವರು ಆಡುಮಾತಿನಲ್ಲಿ ಹೇಳಿದ್ದನ್ನು ಅವರದೇ ಹೆಸರು, ಅವರದೇ ಊರಿನೊಂದಿಗೆ ಕೇಳುವವರ ಬಳಿಗೆ ತಲುಪಿಸುವ ಒಬ್ಬ ಮನುಷ್ಯನನ್ನು ಒಂದೊಂದು ತಾಲ್ಲೂಕಿಗೆ ನೇಮಿಸಿದರೂ ಸಾಕು. ಆ ಮನುಷ್ಯ ಬರೆದುಕೊಳ್ಳುವ ಪುಸ್ತಕದಲ್ಲಿ ಪ್ರಶ್ನೆಗೆ ಒಂದು ಕಾಲಂ, ಉತ್ತರಕ್ಕೆ ಒಂದು ಕಾಲಂ ಇದ್ದ ಹಾಗೆ, ಹೇಳಿದವರ ಊರಿಗೆ ಮೂರನೆಯದೊಂದು ಕಾಲಂ ಇರಬೇಕು. 1842ರಲ್ಲಿ ಸಾಂಗ್ಲಿಯಲ್ಲಿ ಖಾಲಿ ಉಳಿದದ್ದು ಅದು.